ಎಂಟಿಲ್ಲದ ಸಂಖ್ಯೆ

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಗಣಿತ ಕಲಿಸಿದ ಗುರುಗಳು ಕಣ್ಣು ಮುಚ್ಚುವ ಮುನ್ನ, ತಮಗೆ ಎಲ್ಲಕ್ಕಿಂತ ಪ್ರಿಯವಾದ ಒಂದು ಸಂಖ್ಯೆಯನ್ನು ಅಲ್ಲಿನ ಬಂಡೆಯ ಮೇಲೆ ಕೊರೆಸಬೇಕು.

ಅಮಿತಸೇನರ ಸರದಿ ಬಂತು. ಅವರಿಗೆ ಕಣ್ಣು ಮಂಜಾಗಿತ್ತು. ಉಂಡದ್ದು ಮರೆತು ಮತ್ತೆ ಊಟಕ್ಕೆ ಬಂದು ಕೂರುತ್ತಿದ್ದರು.

ಶಿಷ್ಯ ಪಾಯಣ್ಣ ಉಳಿ ಹಿಡಿದು ಕೂತ. ಗುರುಗಳು ಒಂದೊಂದೇ ಅಂಕಿ ಹೇಳಿದರು.

"ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಒಂಬತ್ತು. ಅಷ್ಟೇ."

ಹೇಳಿ ಮಲಗಲು ಹೋದರು.

ಪಾಯಣ್ಣ ಏಳರವರೆಗೆ ಕೊರೆದು ಕೈ ತಡೆದ. ಏಳಾದ ಮೇಲೆ ಎಂಟು, ಅದು ಮಗುವಿಗೂ ಗೊತ್ತು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಇವರಿಗೆ ಎಂಬತ್ತು ದಾಟಿತ್ತು. ಬಂಡೆ ನೋಡಿದವರೆಲ್ಲ ಇನ್ನು ಗುರುಗಳನ್ನು ನೆನೆದು ನಗುತ್ತಾರಲ್ಲ ಎಂದು ಅವನಿಗೆ ಅಳು ಬಂತು. ಏಳರ ಪಕ್ಕ ಎಂಟನ್ನು ಕೊರೆದು, ಆಮೇಲೆ ಒಂಬತ್ತನ್ನು ಕೊರೆದ.

ಸಂಜೆ ಗುರುಗಳು ಬಂದು ಬಂಡೆಯ ಮೇಲೆ ಬೆರಳಾಡಿಸಿದರು. ಏಳು ದಾಟಿದ ಬೆರಳು ನಿಂತಿತು.

"ಇಲ್ಲಿ ಒಬ್ಬ ಕರೆಯದೆ ಬಂದು ಕೂತಿದ್ದಾನಲ್ಲ?"

"ನಾನೇ ಕೂರಿಸಿದೆ ಗುರುಗಳೇ. ನೀವು ಎಂಟು ಮರೆತಿದ್ದಿರಿ. ಜನ ನಿಮ್ಮನ್ನು ಆಡಿಕೊಳ್ಳಬಾರದು ಅಂತ."

ಗುರುಗಳು ಬೈಯಲಿಲ್ಲ. ಒದ್ದೆ ಮರಳಿನತ್ತ ಕೈ ತೋರಿಸಿದರು.

"ನೀನು ಕೊರೆದದ್ದನ್ನು ಒಂಬತ್ತರಿಂದ ಗುಣಿಸು."

ಪಾಯಣ್ಣ ಮರಳಿನಲ್ಲಿ ಬರೆದು ಗುಣಿಸಿದ. ೧೧೧೧೧೧೧೧೦೧ ಬಂತು. ಅವನ ಎಂಟು ಕೂತಿದ್ದ ಜಾಗದಲ್ಲೇ ಸೊನ್ನೆ ಬಿದ್ದಿತ್ತು.

"ಈಗ ನಾನು ಹೇಳಿದ್ದನ್ನು ಗುಣಿಸು."

೧೧೧೧೧೧೧೧೧.

"ಹದಿನೆಂಟರಿಂದ?"

೨೨೨೨೨೨೨೨೨.

ಇಪ್ಪತ್ತೇಳರಿಂದ ಎಂದು ಯಾರೂ ಹೇಳಲಿಲ್ಲ, ಅವನೇ ಗುಣಿಸಿದ. ಬರೀ ಮೂರು. ಮೂವತ್ತಾರರಿಂದ ಗುಣಿಸಿದ. ಬರೀ ನಾಲ್ಕು. ಗರ್ಭಗುಡಿಯ ಪರದೆ ಸರಿದಂತೆ ಮೈ ಜುಮ್ಮೆಂದಿತು. ಈ ಹೊಳೆ ಹುಟ್ಟುವ ಮೊದಲೂ ಇದು ಹೀಗೇ ಇತ್ತು, ಹೊಳೆ ಬತ್ತಿದರೂ ಹೀಗೇ ಇರುತ್ತದೆ. ಅವನು ಮರಳಿಗೆ ಕೈಮುಗಿದ.

"ತಪ್ಪಾಯಿತು ಗುರುಗಳೇ. ನಿಮಗೆ ಮರೆವು ಬಂದಿದೆ ಅಂದುಕೊಂಡೆ."

"ಬಂದಿದೆಯಪ್ಪ. ಬೆಳಿಗ್ಗೆ ನಿನ್ನ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ."

ಪಾಯಣ್ಣನ ಕಣ್ಣು ತುಂಬಿತು.

"ಹಾಗಾದರೆ ಇದೊಂದು ಹೇಗೆ ನೆನಪಿತ್ತು?"

"ನೆನಪಿತ್ತು ಅಂತ ಯಾರು ಹೇಳಿದರು? ನಿನ್ನನ್ನು ಕರೆಯುವ ಮುಂಚೆ ನಾನೂ ಮರಳಿನಲ್ಲಿ ಗುಣಿಸಿ ನೋಡಿದೆ."

ಗುರುಗಳು ತಡಕಾಡಿ ಉಳಿಯನ್ನು ಹುಡುಕಿ ಅವನ ಕೈಗಿತ್ತರು.

"ಕೆಳಗೆ ಇನ್ನೊಂದು ಸಲ ಕೊರೆ. ನಾಳೆ ನಾನೇ ಬಂದು ಎಂಟು ಸೇರಿಸು ಅಂದರೆ, ನನ್ನ ಮಾತು ಕೇಳಬೇಡ. ಗುಣಿಸಿ ನೋಡು."