ಉಸಿರಗೌರಿಗೆ ನೋವೊಪ್ಪಿಸಿದ ರುದ್ರಾಂಬೆ

ತಾಯಂದಿರೇ, ಅಕ್ಷತೆ ಕೈಯಲ್ಲಿ ಹಿಡಿದು, ಉಸಿರು ಕಾಯುವ ಉಸಿರಗೌರಿಯನ್ನು ನೆನೆದು ಕೇಳಿರಿ.

ತುಂಗಭದ್ರೆಯ ದಡದ ಹರಿಹರದಲ್ಲಿ ರುದ್ರಾಂಬೆ ಎಂಬ ಮುಖ್ಯೋಪಾಧ್ಯಾಯಿನಿ ಇದ್ದಳು. ಯಾರೆದುರೂ ಕಣ್ಣೀರು ಹಾಕಿದವಳಲ್ಲವೆಂಬ ಹೆಮ್ಮೆ ಅವಳಿಗೆ ಬಹಳ. ಹೀಗಿರಲು ಕೆಮ್ಮು ಹತ್ತಿ, ಕಫದಲ್ಲಿ ರಕ್ತ ಕಂಡು, ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದು, ಮೂರು ವಾರಕ್ಕೊಮ್ಮೆ ಕಿಮೊ ಹಾಕಿಸಿಕೊಳ್ಳುವಂತಾಯಿತು. ಕೂದಲು ಉದುರಿ, ಬಾಯಿ ಹುಣ್ಣಾಗಿ, ಉಂಡದ್ದು ನಿಲ್ಲದೆ, ಬೆರಳ ತುದಿ ಜೋಮು ಹಿಡಿದು ರವಿಕೆಯ ಹುಕ್ಕನ್ನೂ ಹಾಕಲಾರದವಳಾದಳು. ಗಂಡ ಮಹಾದೇವಯ್ಯ ಕೇಳಿದರೂ, ಡಾಕ್ಟರು ಕೇಳಿದರೂ "ಚೆನ್ನಾಗಿದ್ದೀನಿ" ಎಂಬುದೊಂದೇ ಉತ್ತರ.

ಸೊಸೆ ಪಾರಿಜಾತೆ ಅತ್ತೆಗಾಗಿ ಉಸಿರಗೌರಿಯ ದೀಪ ಹಚ್ಚಿದಳು. ಆ ವ್ರತದ ಕಟ್ಟಳೆ ಏನೆಂದರೆ, ದೀಪದ ಮುಂದೆ ಅಂದಂದಿನ ನೋವನ್ನು ಮುಚ್ಚಿಡದೆ ಹೇಳಬೇಕು. ಕೇಳುವವರು ಧೈರ್ಯ ಹೇಳಿ ನೊಂದವರ ಬಾಯಿ ಕಟ್ಟಬಾರದು. ರುದ್ರಾಂಬೆ ನಕ್ಕು, "ಗೋಳು ಹೇಳಿಕೊಳ್ಳೋದೂ ಒಂದು ಪೂಜೆಯೇ?" ಎಂದು ಎದ್ದು ಹೋದಳು.

ಎರಡನೆಯ ಕಿಮೊ ಆದ ಹತ್ತನೆಯ ದಿನ ಚಳಿಜ್ವರ ಬಂತು. ಯಾರಿಗೂ ಹೇಳದೆ ಕಂಬಳಿ ಹೊದ್ದು ಮಲಗಿದ್ದವಳು ಮಧ್ಯಾಹ್ನ ಬಚ್ಚಲಲ್ಲಿ ಕುಸಿದಳು. ಆಸ್ಪತ್ರೆಗೆ ಒಯ್ದರೆ, ಬಿಳಿ ರಕ್ತಕಣ ಇಳಿದು ನಂಜು ರಕ್ತಕ್ಕೇರಿತ್ತು. ಐದು ದಿನ ಬದುಕುವುದೇ ಸಂಶಯವಾಗಿ, ಆರನೆಯ ದಿನ ಕಣ್ಣು ತೆರೆದಾಗ, ಪಕ್ಕದ ಮಂಚದಲ್ಲಿ ಅದೇ ರೋಗ ಹೊತ್ತು ಮಲಗಿದ್ದ ಹೊನ್ನವ್ವನೆಂಬ ನೇಕಾರರ ಮುದುಕಿ, ಜ್ವರ ಮುಚ್ಚಿಟ್ಟ ಸಂಗತಿ ಕೇಳಿದ್ದವಳು, "ನೀ ಮುಚ್ಚಿಟ್ಟರ ಡಾಕ್ಟ್ರು ಎಲ್ಲಿ ಅಂತ ಹುಡುಕಬೇಕು ಯವ್ವಾ?" ಎಂದಳು.

ಮನೆಗೆ ಬಂದ ಮೊದಲ ಸಂಜೆ ದೀಪದ ಮುಂದೆ ಕುಳಿತು, ಬತ್ತಿ ಸರಿಮಾಡಿ ಎದ್ದು ಹೋದಳು. ಎರಡನೆಯ ಸಂಜೆ, "ನೀರು ಕುಡಿದರೆ ತಗಡು ನೆಕ್ಕಿದ ಹಾಗಿರುತ್ತೆ. ಪಾದ ಉರಿಯುತ್ತೆ. ನಿನ್ನ ಒಗ್ಗರಣೆ ವಾಸನೆ ಬಂದರೆ ನಿನ್ನ ಮೇಲೇ ಸಿಟ್ಟು ಬರುತ್ತೆ ಪಾರೀ" ಎಂದಳು. ಪಾರಿಜಾತೆ ತುಟಿ ಕಚ್ಚಿ ಕೇಳಿಸಿಕೊಂಡಳು. ಮಹಾದೇವಯ್ಯ ಪುಸ್ತಕದಲ್ಲಿ ಬರೆದುಕೊಂಡು ಡಾಕ್ಟರಿಗೆ ಒಪ್ಪಿಸಲು, ಅವರು ವಾಂತಿಯ ಮಾತ್ರೆ ಬದಲಿಸಿ, ಕಿಮೊದ ಪ್ರಮಾಣ ಇಳಿಸಿ, ಜ್ವರ ಸ್ವಲ್ಪ ಕಂಡರೂ ಕೂಡಲೇ ಬರಬೇಕೆಂದು ವಿಧಿಸಿದರು.

ಗಡ್ಡೆ ಕುಗ್ಗಿತು, ಪೂರಾ ಹೋಗಲಿಲ್ಲ. ಪಾದದ ಉರಿಯೂ ಉಳಿಯಿತು. ಆದರೂ ರುದ್ರಾಂಬೆ ಮೊಸರನ್ನ ಉಂಡು, ನಿದ್ದೆ ಮಾಡಿ, ಹೊಳೆಯ ತನಕ ನಡೆದು ಬರುವಂತಾದಳು. ಒಂದು ಶುಕ್ರವಾರ ಅವಳು ತನ್ನದು ಹೇಳಿ ಮುಗಿಸಲು, ಮಹಾದೇವಯ್ಯ ಪುಸ್ತಕ ಮಡಚಿ, "ನನಗೂ ಭಯ ಆಗುತ್ತೆ ಕಣೇ" ಎಂದನು. ಅವಳು ಧೈರ್ಯ ಹೇಳಲಿಲ್ಲ. ಹತ್ತಿರ ಸರಿದು, "ಹೇಳಿ, ಕೇಳ್ತೀನಿ" ಎಂದಳು.

ಇದನ್ನು ಓದಿದ ಮನೆಯಲ್ಲಿ ನೊಂದವರಿಗೆ ಬಾಯಿ ಬರಲಿ, ಆಲಿಸಿದವರಿಗೆ ತಾಳುವ ಕಿವಿ ಬರಲಿ. ಉಸಿರಗೌರಿ ರುದ್ರಾಂಬೆಗೆ ಕೊಟ್ಟಷ್ಟನ್ನು ನಮಗೂ ಕೊಡಲಿ.