ಮಠದ ಬಾಗಿಲಿನ ಸುಣ್ಣದ ಚಕ್ರ

ಪ್ಲೇಗಿನ ಆ ವರ್ಷ ಪೂಜ್ಯ ಹಾಲಮ್ಮ ತಾಯಿಯವರು ಅರಳೆಪೇಟೆ ಓಣಿಯ ಪುಟ್ಟ ಮಠದಲ್ಲಿ ವಾಸವಾಗಿದ್ದರು. ಒಂದು ಕೋಣೆ, ಗುರುಗಳ ಮರದ ಗದ್ದುಗೆ, ಮೂಲೆಯಲ್ಲೊಂದು ಬೀಸುವ ಕಲ್ಲು. ಅಷ್ಟೇ ಅವರ ವೈಭವ. ಮಠದ ಗೋಡೆಗೆ ಅಂಟಿಕೊಂಡೇ ಕಾಶವ್ವನ ಮನೆ.

ಒಂದು ಬೆಳಿಗ್ಗೆ ಮುನಸಿಪಾಲಿಟಿಯ ಫಿನಾಯಿಲ್ ಗಾಡಿ ಬಂತು. ಆಳುಗಳು ಕಾಶವ್ವನ ಮನೆಯ ಹೆಂಚು ಇಳಿಸಿದರು, ಗೋಡೆಗೆಲ್ಲ ಔಷಧದ ನೀರು ಸುರಿದರು. ಅವಳ ಗಂಡ ಸತ್ತ ಹಾಸಿಗೆಯ ಜೊತೆ ಕೂಸಿನ ಕೌದಿಯನ್ನೂ ಬೀದಿಯಲ್ಲಿ ಸುಟ್ಟರು. ಕೊನೆಗೆ ಬಾಗಿಲಿಗೆ ಸುಣ್ಣದ ಚಕ್ರ ಬರೆದರು. ಮನೆ ಶುದ್ಧವಾಯಿತೆಂಬ ಗುರುತು ಅದು. ಮಠದ ಮುಂದೆ ಮಾತ್ರ ಇನ್‌ಸ್ಪೆಕ್ಟರ್ ವಾಸುದೇವರಾಯರು ಚಪ್ಪಲಿ ಕಳಚಿ ಕೈಮುಗಿದರು. ಒಳಗೆ ಒಂದು ಹನಿಯೂ ಸಿಂಪಡಿಸದೆ ಅದೇ ಚಕ್ರ ಬರೆಸಿದರು.

ಕಾಶವ್ವನ ಮೈ ಉರಿದುಹೋಯಿತು. ಆರು ತಿಂಗಳ ಕೂಸನ್ನೆತ್ತಿಕೊಂಡು ಮಠದ ಹೊಸ್ತಿಲಿಗೆ ಬಂದು ನಿಂತಳು.

“ಯವ್ವಾ, ನಿನ್ನ ಮಠದ ಇಲಿ ರುದ್ರಾಕ್ಷಿ ಕಟ್ಟಿಕೊಂಡಾವೇನು? ಗ್ವಾಡಿ ಕೊರದು ನನ್ನ ಮನಿಗೇ ಬರ್ತಾವು. ಗಂಡನ್ನ ಕೊಟ್ಟೀನಿ. ಈ ಕೂಸನ್ನ ಕೊಡಾಂಗಿಲ್ಲ!”

“ಏ, ಬಾಯಿ ಮುಚ್ಚು!” ಇನ್‌ಸ್ಪೆಕ್ಟರರು ಗದರಿದರು. “ತಾಯಿಯವರು ಇದ್ದಲ್ಲಿ ರೋಗ ಸುಳಿಯೂದಿಲ್ಲ.”

“ಹೌದೇನ್ರಿ ಸಾಹೇಬ್ರ? ನನ್ನ ಗಂಡ ಇವರಿಂದ ಒಂದು ಗ್ವಾಡಿ ಆಚೆ ಸತ್ತ. ಇವರ ಪುಣ್ಯಕ್ಕ ಗ್ವಾಡಿ ದಾಟಾಕ ಬರಲಿಲ್ಲೇನು?”

ತಾಯಿಯವರು ಎದ್ದು ಬಂದರು. ಹಸಿ ಸುಣ್ಣದ ಚಕ್ರವನ್ನು ತಮ್ಮ ಸೆರಗಿನಿಂದ ತಿಕ್ಕಿ ತಿಕ್ಕಿ ಅಳಿಸಿದರು. ಅವರ ಮುಖದಲ್ಲಿ ಅಂಥ ಸಿಟ್ಟನ್ನು ಓಣಿಯವರು ಎಂದೂ ಕಂಡಿರಲಿಲ್ಲ.

“ಸುಳ್ಳು ಗುರುತು ನನ್ನ ಬಾಗಿಲಿಗೆ ಬ್ಯಾಡ. ಗದ್ದುಗಿ ಎತ್ರಿ.”

“ತಾಯಿ, ಗುರುಗಳ ಗದ್ದುಗೆಗೆ ಫಿನಾಯಿಲ್ಲೇ?” ಅಂದರು ಇನ್‌ಸ್ಪೆಕ್ಟರರು.

“ಗುರು ಆ ನಾತ ತಡಕೊಂಡಾನು. ಕೂಸು ಸತ್ತರ ತಡಕೊಳ್ಳಾಂಗಿಲ್ಲ.”

ಆಳುಗಳು ಹೆದರಿ ಹಿಂದೆ ಸರಿದರು. ತಾಯಿಯವರೇ ಗದ್ದುಗೆಯ ಒಂದು ತುದಿ ಹಿಡಿದರು. ಕಾಶವ್ವ ಕೂಸನ್ನು ಇನ್‌ಸ್ಪೆಕ್ಟರರ ಕೈಗೆ ತುರುಕಿ ಇನ್ನೊಂದು ತುದಿಗೆ ಹೋದಳು. ಗದ್ದುಗೆ ಸರಿಯಿತು. ಅದರಡಿ, ಒಣಗಿದ ಪೂಜೆಯ ಹೂಗಳ ನಡುವೆ, ಏಳು ಇಲಿಗಳು ಸತ್ತು ಬಿದ್ದಿದ್ದವು.

ಇನ್‌ಸ್ಪೆಕ್ಟರರು ಕೂಸನ್ನು ಎದೆಗವಚಿಕೊಂಡು ತಲೆ ತಗ್ಗಿಸಿದರು. ಆಳುಗಳು ಮಠದೊಳಗೆಲ್ಲ ಔಷಧದ ನೀರು ಸುರಿದರು. ತಾಯಿಯವರು ಗದ್ದುಗೆಯ ಹಾಸನ್ನೂ ತಮ್ಮ ಕಾವಿ ಶಾಲನ್ನೂ ಬೀದಿಯ ಬೆಂಕಿಗೆ ಹಾಕಿದರು. ಅಳುತ್ತ ಕಾಲಿಗೆರಗಲು ಬಂದ ಕಾಶವ್ವನನ್ನು ತಡೆದು ಅಂದರು: “ಕಾಲಿಗೆ ಬೀಳಬ್ಯಾಡ ಮಗಳ. ಬೈಯೂದು ನಿಲ್ಲಸಬ್ಯಾಡ.”

ಓಣಿಯ ತುದಿಯಲ್ಲಿ ಸಾಹುಕಾರರ ದೊಡ್ಡ ಮನೆಯಿತ್ತು. ಅಲ್ಲಿಯೂ ಒಳಗೆ ಹನಿ ನೀರು ಬೀಳದೆ ಬಾಗಿಲಿಗೆ ಚಕ್ರ ಬಿದ್ದಿತ್ತು. ಕಾಶವ್ವ ಕಣ್ಣೊರೆಸಿಕೊಂಡಳು, ಸೆರಗು ಬಿಗಿದಳು, ಒದ್ದೆ ಅರಿವೆ ಹಿಡಿದು ಅತ್ತ ನಡೆದಳು. ಅವಳ ಹಿಂದೆ ಫಿನಾಯಿಲ್ ಗಾಡಿ. ಗಾಡಿಯ ಹಿಂದೆ, ಕೂಸನ್ನೆತ್ತಿಕೊಂಡು, ಬರಿಗಾಲಲ್ಲೇ ಇನ್‌ಸ್ಪೆಕ್ಟರರು.