ಒಂದು ಒಳಗೆ, ಒಂದು ಹೊರಗೆ

ಬನ್ನಿ, ಕೂತುಕೊಳ್ಳಿ, ಕೂರುವುದಕ್ಕೆ ಜಾಗವಿದ್ದರೆ. ಇದು ಕೂರುವುದಕ್ಕೆ ಜಾಗವಿಲ್ಲದ ಮನೆಯ ಕತೆ.

ಚಳ್ಳಕೆರೆಯಲ್ಲಿ ಪಾಲಕ್ಕ ಅಂತ ಒಬ್ಬ ಹೆಂಗಸು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಹೋಗುವಾಗ ಅವನು ಬಿಟ್ಟುಹೋದದ್ದು ಒಂದು ಹಳೇ ಕಾರು, ಒಬ್ಬ ಮಗ. ಮಗನ ಹೆಸರು ಓಬಳೇಶ. ಕಾರು ಹೇಳಿದಂತೆ ಕೇಳುತ್ತಿರಲಿಲ್ಲ. ಮಗ ಹೇಳಿದಂತೆಯೇ ಕೇಳುತ್ತಿದ್ದ. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಅಂತ ಯಾರಾದರೂ ಕೇಳಿದರೆ ಪಾಲಕ್ಕ ಮಗನ ಕಡೆ ಕೈ ತೋರಿಸುತ್ತಿದ್ದಳು.

"ಹಾಲು ಉಕ್ಕುತ್ತೇನೋ ನೋಡ್ಲಾ ಓಬಿ" ಅಂದರೆ ಒಲೆ ಮುಂದೆ ಕೈಕಟ್ಟಿ ನಿಂತು ನೋಡುತ್ತಿದ್ದ. ಉಕ್ಕಿ, ಹರಿದು, ಒಲೆ ಆರಿದ ಮೇಲೆ "ಉಕ್ತು ಕಣವ್ವಾ" ಅನ್ನುತ್ತಿದ್ದ. ಕಾರು ಓಡಿಸುವುದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಕೆಂಪು ದೀಪ ಕಂಡರೆ ನಿಲ್ಲಬೇಕು, ಹಸಿರು ಕಂಡರೆ ಹೋಗಬೇಕು. ಹೇಳಿದ್ದನ್ನು ಹೇಳಿದಂತೆ ಮಾಡುವ ಡ್ರೈವರು ಇಡೀ ಊರಿಗೆ ಅವನೊಬ್ಬನೇ.

ಇನ್ನು ಪಾಲಕ್ಕ. ಜಾಣೆ, ಗಟ್ಟಿಗಿತ್ತಿ, ಆದರೆ ಮನೆಯೊಳಗೆ ಬಂದದ್ದನ್ನು ಹೊರಗೆ ಕಳಿಸಿದವಳಲ್ಲ. ಪ್ಲಾಸ್ಟಿಕ್ ಕವರು? ಬೇಕಾಗುತ್ತೆ. ಹಿಡಿ ಮುರಿದ ಕೊಡೆ? ಬೇಕಾಗುತ್ತೆ. ಯಾರದೋ ಮದುವೆಯ ಲಗ್ನಪತ್ರಿಕೆ? ಆ ದಂಪತಿಗೆ ಮೊಮ್ಮಕ್ಕಳಾಗಿದ್ದರೂ ಸರಿ, ಬೇಕಾಗುತ್ತೆ! ಮನೆ ತುಂಬಿದ ಮೇಲೆ ಉಳಿದದ್ದು ಕಾರಿಗೆ ಹೋಗುತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಮನುಷ್ಯರು ಕೂತು ನಾಲ್ಕು ವರ್ಷವಾಗಿತ್ತು.

ಓಬಳೇಶನಿಗೆ ಮೂವತ್ತೊಂದಾಯಿತು. ಮೂರು ಕಡೆಯ ಹೆಣ್ಣಿನವರು ಮನೆ ನೋಡಲು ಬಂದರು. ಮೂರು ಕಡೆಯವರೂ ನಿಂತೇ ನೋಡಿದರು, ನಿಂತೇ ಹೋದರು. "ನಮ್ಮ ಹುಡುಗೀನ ಎಲ್ಲಿ ಇಡ್ತೀರ ತಾಯಿ, ಅಟ್ಟದ ಮೇಲಾ?" ಅಂದುಬಿಟ್ಟರು. ಆಮೇಲೆ ಹಿರಿಯೂರಿನಿಂದ ನಾಲ್ಕನೇ ಸಂಬಂಧ ಬಂತು. ಹುಡುಗಿ ರತ್ನಮಾಲ. ಶುಕ್ರವಾರ ಮನೆ ನೋಡಲು ಬರುತ್ತೇವೆ ಅಂತ ಭಾನುವಾರ ಹೇಳಿಕಳಿಸಿದರು.

ಪಾಲಕ್ಕನಿಗೆ ನಿದ್ದೆ ಹತ್ತಲಿಲ್ಲ. ಸೊಸೆ ಬಂದು ಕಾಲು ಒತ್ತಲಿ ಅನ್ನುವ ಆಸೆ ಅವಳಿಗಿರಲಿಲ್ಲ. 'ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಏಳು, ಕೂರು, ಉಣ್ಣು ಅಂತ ಹೇಳೋರು ಯಾರು? ಯಾರೂ ಹೇಳದಿದ್ದರೆ ಇವನು ಉಣ್ಣೋದೂ ಇಲ್ಲವಲ್ಲ!' ಇದೊಂದೇ ಅವಳ ಸಂಕಟ.

ಅವಳ ಫೋನಿನಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ಇಸ್ತ್ರಿ ಸೀರೆ ಉಟ್ಟು, ನೊಣ ಕೂತರೂ ಜಾರುವಂಥ ಮನೆಯಲ್ಲಿ ನಿಂತು, ಮನೆ ಹೇಗೆ ಓರಣ ಮಾಡಬೇಕು ಅಂತ ದಿನಕ್ಕೊಂದು ಉಪಾಯ ಹೇಳುತ್ತಿದ್ದಳು. ಅವಳ ಮನೆಯಲ್ಲಿ ಓಬಳೇಶ ಇರಲಿಲ್ಲ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದಳು.

ಸೋಮವಾರ ಪಾಲಕ್ಕ ಅವತ್ತಿನ ಉಪಾಯವನ್ನು ಮಗನಿಗೆ ದಾಟಿಸಿದಳು. "ಓಬಿ, ಒಂದು ವರ್ಷದಿಂದ ಕೈಯಲ್ಲಿ ಮುಟ್ಟದೇ ಇರೋದನ್ನೆಲ್ಲ ತೆಗೆದು ಗುಜರಿ ಖಾಸಿಮಣ್ಣಂಗೆ ಹಾಕ್ಬಿಡು."

"ಆಗ್ಲಿ ಕಣವ್ವಾ."

ಹೇಳಿ ಅವಳು ನೀರಿಗೆ ಹೋದಳು. ಬರುವಷ್ಟರಲ್ಲಿ ಖಾಸಿಮಣ್ಣನ ಮೂರು ಗಾಲಿಯ ಗಾಡಿ ತುಂಬಿ ಬೀದಿಯ ತುದಿ ದಾಟುತ್ತಿತ್ತು. ಪಾಲಕ್ಕ ಕೊಡ ಇಳಿಸಿ ಒಳಗೆ ನೋಡಿದಳು. ಕವರುಗಳ ಮೂಟೆ ಇದ್ದಲ್ಲೇ ಇದೆ. ಮುರಿದ ಕೊಡೆ ಇದ್ದಲ್ಲೇ ಇದೆ.

"ಏನ್ಲಾ ಹಾಕಿದೆ ಗುಜರಿಗೆ?"

"ನೀನು ಕವರು ದಿನಾ ಮುಟ್ತೀಯ, ಎಣಿಸ್ತೀಯ. ಕೊಡೇನ ಮೊನ್ನೆ ಮುಟ್ಟಿ ನಿಟ್ಟುಸಿರು ಬಿಟ್ಟೆ. ಮುಟ್ಟದೇ ಇದ್ದದ್ದು ನಿನ್ನ ಧಾರೆ ಸೀರೆ, ಅಪ್ಪನ ಕೋಟು, ಕಾರಿನ ಹಿಂದೆ ಮಲಗಿತ್ತಲ್ಲ ಐದನೇ ಚಕ್ರ, ಅದು. ಕಾರಿಗೆ ನಾಲ್ಕೇ ಚಕ್ರ ಸಾಕು ಕಣವ್ವಾ, ಆ ಐದನೇದು ಒಂದು ದಿನಾನೂ ಉರುಳಿದ್ದು ನಾನು ಕಾಣೆ."

ಪಾಲಕ್ಕ ಸೆರಗು ಸಿಕ್ಕಿಸಿ ಓಡಿದಳು. ಖಾಸಿಮಣ್ಣ ಒಳ್ಳೆಯವನು. ಸೀರೆ, ಕೋಟು ವಾಪಸು ಕೊಟ್ಟ. ಚಕ್ರ ಆಗಲೇ ಯಾವುದೋ ಲಾರಿ ಹತ್ತಿ ಹೋಗಿತ್ತು.

"ಅಯ್ಯೋ ನನ್ನ ಪೆದ್ದೇ! ಕೇಳಬೇಕು ಕಣೋ! ಒಂದೊಂದನ್ನೂ ಕೈಯಲ್ಲಿ ಹಿಡ್ಕೊಂಡು 'ಇದು ಬೇಕಾ?' ಅಂತ ಕೇಳ್ಬೇಕು. ಬೇಕು ಅಂದ್ರೆ ಒಂದು ಕಡೆ, ಬೇಡ ಅಂದ್ರೆ ಒಂದು ಕಡೆ. ತಿಳೀತಾ?"

"ತಿಳೀತು ಕಣವ್ವಾ."

ತಿಳಿಯಿತಂತೆ! ಮಂಗಳವಾರ ಅವಳು ಅವನನ್ನು ಕಾರು ಚೊಕ್ಕ ಮಾಡಲು ಕಳಿಸಿದಳು. ಓಬಳೇಶ ನಾಲ್ಕೂ ಬಾಗಿಲು ತೆರೆದ. ಕಾಲಡಿಯ ಮ್ಯಾಟು ಎತ್ತಿ ಹಿಡಿದ. ಆಚೆಮನೆ ದುರುಗಣ್ಣ ಹೋಗುತ್ತಿದ್ದ.

"ಅಣ್ಣಾ, ಇದು ಬೇಕಾ?"

ದುರುಗಣ್ಣ ಸುತ್ತ ನೋಡಿದ. "ಬೇಕು" ಅಂದ.

ಕೊಟ್ಟ. ಸೀಟಿನ ಹೊದಿಕೆ ಹಿಡಿದ. "ಅಕ್ಕಾ, ಇದು ಬೇಕಾ?" ಅಕ್ಕನಿಗೆ ಬೇಕಾಗಿತ್ತು. ಮುಂದೆ ಅಂಟಿಸಿದ್ದ ಪುಟ್ಟ ಗಣಪ ಬೇಕಾ? ಬೇಕು. ಜಾಕು ಬೇಕಾ? ಬೇಕು. ಟೇಪ್ ರೆಕಾರ್ಡರು ಬೇಕಾ? ಬೇಕೋ ಬೇಕು! ಅರ್ಧ ಗಂಟೆಯಲ್ಲಿ ಬೀದಿಯ ತುಂಬ ಸಾಲು ನಿಂತಿತ್ತು. ರೇಷನ್ನಿಗೂ ಅಷ್ಟು ಶಿಸ್ತಾಗಿ ಯಾರೂ ನಿಂತವರಲ್ಲ. ಸ್ಟೇರಿಂಗು ಬೇಕು ಅಂದವನೂ ಒಬ್ಬನಿದ್ದ. ಬಿಚ್ಚಲು ಬರಲಿಲ್ಲ, ಉಳಿಯಿತು.

ಪಾಲಕ್ಕ ಬಂದು ಇಣುಕಿದರೆ ಕಾರಿನೊಳಗೆ ಶೇಂಗಾ ಸಿಪ್ಪೆ, ಖಾಲಿ ಬಾಟಲಿ, ಒಂಟಿ ಚಪ್ಪಲಿ, ಒಣಗಿದ ಹೂವು.

"ಇದನ್ಯಾಕೋ ಬಿಟ್ಟೆ?"

"ಇದನ್ನೂ ಕೇಳ್ದೆ ಕಣವ್ವಾ. ಯಾರಿಗೂ ಬೇಡವಂತೆ. ಪಾಪ, ನಾವೇ ಇಟ್ಕೊಳ್ಳೋಣ ಅಂತ."

ಪಾಲಕ್ಕ ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ಫೋನು ನೋಡಿದಳು. ಅವತ್ತಿನ ಉಪಾಯ ಬಂದಿತ್ತು. ಓದಿ ಮಗನ ಕಡೆ ತಿರುಗಿದಳು. "ಇನ್ಮೇಲೆ ಎಸೀಬೇಡ, ಕೊಡಬೇಡ, ಬೀದಿಗೆ ಹೋಗ್ಲೇಬೇಡ! ಒಂದೇ ಥರ ಇರೋದನ್ನೆಲ್ಲ ಒಂದು ಡಬ್ಬಕ್ಕೆ ಸೇರಿಸು. ಡಬ್ಬದ ಮೇಲೆ ಚೀಟಿ ಅಂಟಿಸು. ಅಷ್ಟೇ."

"ಅಷ್ಟೇನಾ? ಇದನ್ನ ಮೊದಲೇ ಹೇಳ್ಬಾರ್ದಾ!"

ಬುಧವಾರ ಅಡುಗೆಮನೆ. ಓಬಳೇಶ ಬೆಳಗಿನಿಂದ ಸಂಜೆತನಕ ಬೆವರು ಸುರಿಸಿ ದುಡಿದ. ಸಂಜೆ ಪಾಲಕ್ಕ ಕಣ್ಣರಳಿಸಿದಳು. ಕಪಾಟಿನಲ್ಲಿ ನಾಲ್ಕೇ ನಾಲ್ಕು ಡಬ್ಬ, ಥಳಥಳ ಅನ್ನುತ್ತಿವೆ. ಮಗನನ್ನು ಎಷ್ಟು ಬೈದೆನಲ್ಲ ಅಂತ ಅವಳಿಗೆ ಒಂದು ಗಳಿಗೆ ಕರುಳು ಚುರುಕ್ ಅಂದಿತು. ಟೀ ಮಾಡಿ, ಒಂದು ಗುಟುಕು ಕುಡಿದು, ಹಿತ್ತಲಿಗೆ ಓಡಿದಳು.

"ಏನೋ ಹಾಕಿದ್ದೀಯ ಸಕ್ಕರೆಗೆ?"

"ಚೀಟಿ ಓದವ್ವಾ."

ಮೊದಲ ಡಬ್ಬದ ಚೀಟಿಯಲ್ಲಿ 'ಬಿಳಿ' ಅಂತಿತ್ತು. ಸಕ್ಕರೆ, ಉಪ್ಪು, ರವೆ, ಅಕ್ಕಿಹಿಟ್ಟು, ಬಟ್ಟೆ ಸೋಡಾ, ರಂಗೋಲಿ ಪುಡಿ. ಎರಡನೆಯದು 'ಕೆಂಪು'. ಅದರಲ್ಲಿ ಖಾರದಪುಡಿ, ಕುಂಕುಮ. ಮೂರನೆಯದು 'ಕಪ್ಪು', ಸಾಸಿವೆ, ಟೀಪುಡಿ, ಇದ್ದಿಲು. ನಾಲ್ಕನೆಯದರ ಮೇಲೆ 'ಗೊತ್ತಿಲ್ಲ' ಅಂತ ಬರೆದಿತ್ತು. ಅದನ್ನು ತೆರೆಯುವ ಧೈರ್ಯ ಪಾಲಕ್ಕನಿಗೆ ಆಗಲಿಲ್ಲ.

"ನಾಡಿದ್ದು ಬೀಗರು ಬರ್ತಾರೋ! ಅವರಿಗೆ ರಂಗೋಲಿ ಪುಡಿ ಕೇಸರಿಬಾತ್ ಮಾಡ್ಲಾ? ಯಾವುದನ್ನೇ ತೆಗೀ, ಎಲ್ಲಿಂದ ತೆಗೆದ್ಯೋ ಅಲ್ಲಿಗೇ ವಾಪಸ್ ಇಡ್ಬೇಕು! ಅಲ್ಲಿಗೇ! ಬೇರೆ ಕಡೆ ಇಟ್ರೆ ನೋಡು!"

"ಆಗ್ಲಿ, ಅಲ್ಲಿಗೇ ಇಡ್ತೀನಿ."

ಗುರುವಾರ ಅಡುಗೆಮನೆಯಲ್ಲಿ ತಿನ್ನುವ ಪದಾರ್ಥ ಒಂದೂ ಉಳಿದಿರಲಿಲ್ಲ. ಪಾಲಕ್ಕ ಮಗನನ್ನು ಅಂಗಡಿಗೆ ಕಳಿಸಿದಳು. ಅವನು ಸಕ್ಕರೆ, ರವೆ, ತುಪ್ಪ, ಗೋಡಂಬಿ ಎಲ್ಲ ಸರಿಯಾಗಿ ತಂದ. ಒಂದೂ ಮರೆತಿರಲಿಲ್ಲ. ಅವಳು ಕಾರು ಗುಡಿಸುತ್ತಿದ್ದಳು. ತಲೆ ಎತ್ತದೆ "ಜೋಪಾನವಾಗಿ ಇಟ್ಬಿಡಪ್ಪಾ" ಅಂದಳು.

ಸ್ವಲ್ಪ ಹೊತ್ತಿಗೆ ಅವನು ಕೈ ಬೀಸಿಕೊಂಡು ಬಂದ.

"ಎಲ್ಲಿಟ್ಟೆ?"

"ಎಲ್ಲಿಂದ ತೆಗೆದ್ನೋ ಅಲ್ಲಿಗೇ. ಸಕ್ಕರೆ ಅಂಗಡಿ ಮೂಟೇಲಿ ಸುರಿದೆ, ತುಪ್ಪ ಗಾಜಿನ ಬೀರುವಲ್ಲಿಟ್ಟೆ. ಅಂಗಡಿಯವ್ರು ತುಂಬ ಹೊಗಳಿದ್ರು ಕಣವ್ವಾ, ಇಂಥ ಗಿರಾಕಿ ದಿನಾ ಬರ್ಲಿ ಅಂದ್ರು."

ಈ ಸಲ ಪಾಲಕ್ಕ ಬೈಯಲಿಲ್ಲ. ಪೊರಕೆ ಹಿಡಿದು ಮೆಟ್ಟಿಲ ಮೇಲೆ ಕೂತು ಅತ್ತಳು. ಓಬಳೇಶನಿಗೆ ಅವ್ವ ಅತ್ತರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತ.

"ನೋಡೋ" ಅಂದಳು ಕೊನೆಗೆ, ಮೂಗು ಒರೆಸಿಕೊಂಡು. "ಹಿಂದೆ ಹೇಳಿದ್ದೆಲ್ಲ ಮರೆತುಬಿಡು. ಒಂದೇ ಒಂದು ಮಾತು ನೆನಪಿಟ್ಕೋ, ಆ ಫೋನಿನವಳ ಕೊನೇ ಉಪಾಯ. ಮನೆಯೊಳಗೆ ಒಂದು ಬಂದ್ರೆ, ಮನೆಯಿಂದ ಒಂದು ಹೊರಗೆ ಹೋಗ್ಬೇಕು. ಹಂಗೆ ಮಾಡಿದ್ರೆ ಮನೆ ಯಾವತ್ತೂ ತುಂಬಿಕೊಳ್ಳಲ್ವಂತೆ. ಸಾಯೋವರ್ಗೂ ಇದನ್ನ ಮರೀಬೇಡ."

"ಸಾಯೋವರ್ಗೂ ಮರೆಯಲ್ಲ ಕಣವ್ವಾ."

ಶುಕ್ರವಾರ ಓಬಳೇಶ ಏಳುವ ಮೊದಲೇ ಪಾಲಕ್ಕ ತಾನೇ ಅಂಗಡಿಗೆ ಹೋಗಿ ಬಂದು ಕೇಸರಿಬಾತ್ ಮಾಡಿಟ್ಟಳು. ಹಿರಿಯೂರಿನವರು ಬಂದರು. ಹುಡುಗಿಯ ಅಪ್ಪ, ಚಿಕ್ಕಪ್ಪ, ಸೋದರಮಾವ, ಹಿಂದೆ ಕೋಲೂರಿಕೊಂಡು ಅಜ್ಜಿ. ಅಪ್ಪ ಹೊಸಿಲು ದಾಟಿದ. ಓಬಳೇಶ ಕವರಿನ ಮೂಟೆ ಹೊತ್ತು ಹೊರಗೆ ಎಸೆದ. ಚಿಕ್ಕಪ್ಪ ದಾಟಿದ. ಕೆಟ್ಟ ಮಿಕ್ಸಿ ಹೊರಗೆ ಹೋಯಿತು. ಸೋದರಮಾವ ದಾಟಿದ. ಲಗ್ನಪತ್ರಿಕೆಯ ಟ್ರಂಕು ಧಡಾರನೆ ಹೊರಗೆ. ಎಷ್ಟೋ ವರ್ಷದ ಮೇಲೆ ಆ ಮನೆಯ ನೆಲ ಕಂಡಿತು! ಪಾಲಕ್ಕ ಟ್ರಂಕಿನ ಹಿಂದೆ ಎರಡು ಹೆಜ್ಜೆ ಓಡಿ, ತಿರುಗಿ ಬಂದಳು. ಬೀಗರು ಕೂರುತ್ತಿದ್ದರಲ್ಲ!

ಕೊನೆಗೆ ಅಜ್ಜಿ ದಾಟಿದಳು. ಓಬಳೇಶ ಸುತ್ತ ನೋಡಿದ. ಕೈಗೆ ಹತ್ತಿರ ಇದ್ದದ್ದು ಒಂದು ಕುರ್ಚಿ. ಸೋದರಮಾವ ಅದರಲ್ಲಿ ಕೂರಲು ಅರ್ಧ ಬಗ್ಗಿದ್ದ. ಓಬಳೇಶ ಕುರ್ಚಿ ಎತ್ತಿಕೊಂಡು ಹೊರಟ.

ಮಾವ ದೊಪ್ಪನೆ ನೆಲಕ್ಕೆ ಬಿದ್ದ.

ಪಾಲಕ್ಕ ಮುಖಕ್ಕೆ ಸೆರಗು ಹಿಡಿದಳು. "ನನ್ನ ಹಣೇಬರಹ ಅಮ್ಮಾ. ಮುಚ್ಚಿಟ್ಟು ಏನು ಮಾಡ್ಲಿ? ನನ್ನ ಮಗ ಹಿಂಗೇ. ಏನು ಹೇಳ್ತೀವೋ ಅದನ್ನ ಹೇಳಿದ ಹಂಗೇ ಮಾಡ್ತಾನೆ. ಹೆಚ್ಚಿಲ್ಲ, ಕಮ್ಮಿ ಇಲ್ಲ."

ಅಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ಏನಂದೆ? ಹೇಳಿದ್ದನ್ನ ಮಾಡ್ತಾನಾ?"

"ಹೂಂ ಅಮ್ಮಾ."

"ಎದುರು ಮಾತಿಲ್ದೆ?"

"ಎದುರು ಮಾತು ಅವನಿಗೆ ಹುಟ್ಟಿದಾಗಿಂದ ಬಂದಿಲ್ಲ."

ಅಜ್ಜಿ ತನ್ನ ಕಡೆಯ ಮೂವರು ಗಂಡಸರನ್ನೂ ಒಬ್ಬೊಬ್ಬರನ್ನೇ ನೋಡಿದಳು. ಕೂತವರು ಕಾಲು ನೋಡಿಕೊಂಡರು, ಬಿದ್ದವನು ಬಿದ್ದಲ್ಲೇ ಇದ್ದ. "ಇವ್ರಿಗೆ ನಲವತ್ತು ವರ್ಷದಿಂದ ಹೇಳ್ತಿದ್ದೀನಿ, ಒಬ್ಬನಾದ್ರೂ ಒದ್ದೆ ಟವಲು ಹಗ್ಗದ ಮೇಲೆ ಹಾಕಿದ್ದಿಲ್ಲ. ಹುಡುಗೀನ ಕೊಟ್ವಿ, ಹೋಗು! ಕೇಸರಿಬಾತ್ ತಾ."

ಮದುವೆ ಆಯಿತು. ಹೆಣ್ಣು ಗಂಡು ಕಾರಿನಲ್ಲಿ ಮನೆಗೆ ಹೊರಟರು. ಚಳ್ಳಕೆರೆ ಇನ್ನೇನು ಬಂತು ಅನ್ನುವಾಗ ಟೈರು ಪಂಕ್ಚರಾಯಿತು. ಐದನೇ ಚಕ್ರ ಎಲ್ಲಿ? ಯಾವ ಊರಿನಲ್ಲಿ ಉರುಳುತ್ತಿತ್ತೋ! ಆ ದಾರಿಯಲ್ಲೇ ಬರುತ್ತಿದ್ದ ಖಾಸಿಮಣ್ಣ ತನ್ನ ಗಾಡಿಯಲ್ಲಿ ಇಬ್ಬರನ್ನೂ ಕೂರಿಸಿ, ಹಳೇ ಬಕೀಟುಗಳ ಮಧ್ಯೆ, ಬಾಸಿಂಗ ಕಟ್ಟಿಕೊಂಡಿದ್ದ ಹಾಗೆಯೇ ಮನೆ ಬಾಗಿಲಿಗೆ ತಂದು ಇಳಿಸಿದ.

ರತ್ನಮಾಲ ಸೇರು ಒದ್ದು ಬಲಗಾಲಿಟ್ಟು ಒಳಗೆ ಬಂದಳು. ಒಂದು ಒಳಗೆ ಬಂತು. ಓಬಳೇಶ ಸುತ್ತ ನೋಡಿದ. ಮದುವೆಯ ಓಡಾಟದಲ್ಲಿ ಒಳಗೆ ಬಂದವರ ಲೆಕ್ಕಕ್ಕೆ ಒಂದೊಂದೇ ಹೊರಗೆ ಹೋಗಿ ಮನೆ ಬೋಳಾಗಿತ್ತು, ಹಳೆಯದು ಏನೂ ಉಳಿದಿರಲಿಲ್ಲ. ಇದ್ದದ್ದು ಮೂಲೆಯಲ್ಲಿ ಆರತಿ ತಟ್ಟೆ ಇಳಿಸಿ, ಬಾಡಿಗೆಗೆ ತಂದ ಕುರ್ಚಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಪಾಲಕ್ಕ ಒಬ್ಬಳು.

ಕುರ್ಚಿ ಸಮೇತ ಎತ್ತಿದ. ಕೊಂಡುಹೋಗಿ ಜಗುಲಿಯ ಮೇಲೆ ಇಟ್ಟ. ಎಲೆಅಡಿಕೆ ಚೀಲವನ್ನೂ ತಂದು ತೊಡೆಯ ಮೇಲಿಟ್ಟ.

"ಏನ್ಲಾ ಇದು!"

"ಸಾಯೋವರ್ಗೂ ಮರೀಬೇಡ ಅಂದಿದ್ದೆ ಕಣವ್ವಾ. ಮರೆತಿಲ್ಲ ನೋಡು."

ಮುರಿದ ಕೊಡೆಗೂ ಬೇಕಾಗುತ್ತೆ ಅಂದವಳು, ಕಡೆಗೆ ಮನೆಯಿಂದ ಹೊರಗೆ ಬಂದದ್ದು ತಾನೇ! ಪಾಲಕ್ಕ ಚೀಲ ಅಪ್ಪಿಕೊಂಡು ಕಣ್ಣೀರು ಹಾಕಿದಳು.

ಒಳಗಿಂದ ರತ್ನಮಾಲಳ ದನಿ ಬಂತು. "ರೀ, ಮೊದ್ಲು ಅತ್ತೇನ ಒಳಗೆ ಕರ್ಕೊಂಡು ಬನ್ನಿ."

"ಆಗ್ಲಿ" ಅಂದ ಓಬಳೇಶ. ಒಂದೇ ಮಾತಿಗೆ, ಒಂದೇ ಸಲಕ್ಕೆ! ಅವ್ವನನ್ನು ಎತ್ತಿ ತಂದು ಮೊದಲಿದ್ದಲ್ಲೇ ಕೂರಿಸಿದ. ಆಮೇಲೆ ನಿಂತು ಲೆಕ್ಕ ಹಾಕಿದ. ಅವ್ವ ಒಳಗೆ ಬಂದಳಲ್ಲ. ಹಾಗಾದರೆ? ತಾನೇ ಹೊರಗೆ ನಡೆದು ಜಗುಲಿಯ ಮೇಲೆ ಬಾಸಿಂಗದ ಸಮೇತ ಕೂತ.

ಖಾಸಿಮಣ್ಣ ಇನ್ನೂ ಗಾಡಿ ತಿರುಗಿಸುತ್ತಿದ್ದ. "ಯಾಕಪ್ಪಾ ಮದುಮಗನೇ, ಇಲ್ಲಿ ಕೂತೆ?"

"ನನ್ನನ್ನ ಹೊರಗೆ ಹಾಕಿದ್ದಾಯ್ತು ಕಣಣ್ಣಾ."

"ಯಾರು ಹಾಕಿದ್ದು?"

"ನಾನೇ."

ಖಾಸಿಮಣ್ಣನಿಗೆ ಈ ಮನೆಯ ಬಾಗಿಲಿನಲ್ಲಿ ಇಟ್ಟದ್ದನ್ನು ಕೇಳದೆ ಎತ್ತಬಾರದು ಅಂತ ಚೆನ್ನಾಗಿ ಗೊತ್ತಾಗಿತ್ತು. ಅವನು ಓಬಳೇಶನ ರಟ್ಟೆ ಹಿಡಿದು ಬಾಗಿಲೊಳಗೆ ತಲೆ ಹಾಕಿದ. "ಪಾಲಕ್ಕಾ, ಇದು ಬೇಕಾ?"

"ಬೇಕು!" ಅಂದಳು ಪಾಲಕ್ಕ.

"ಬೇಕು!" ಅಂದಳು ರತ್ನಮಾಲ. ಇಬ್ಬರದೂ ಒಟ್ಟಿಗೇ ಬಂತು.

ಪಾಲಕ್ಕನಿಗೆ ಅವತ್ತು ಮನಸ್ಸು ಹಗುರಾಯಿತು. ಹೇಳುವವಳೂ ಸಿಕ್ಕಿದಳು, ಬೇಕು ಅನ್ನುವವಳೂ ಸಿಕ್ಕಿದಳು. ಕಣ್ಣೀರು ಒರೆಸಿಕೊಂಡು ಫೋನು ತೆಗೆದು ಸೊಸೆಯ ಕೈಗಿಟ್ಟಳು. "ಇನ್ಮೇಲೆ ನೀನೇ ಹೇಳವ್ವಾ. ನೋಡ್ಕೊಂಡು ಹೇಳು."

ಓಬಳೇಶ ಎದ್ದ. ಬೇಕು ಅಂದ ಮೇಲೆ ಒಳಗೆ ಹೋಗಬೇಕು. ಒಳಗೆ ಹೋದರೆ ಒಂದು ಹೊರಗೆ ಬರಬೇಕು. ಯಾರನ್ನು ತರುವುದು? ಹೆಂಡತಿ ಬೇಡ, ಅವ್ವ ಬೇಡ. ಹೊಸಿಲ ಹತ್ತಿರ ಬಂದು ಬಹಳ ಹೊತ್ತು ಯೋಚಿಸಿದ. ಹುಟ್ಟಿದ ಮೇಲೆ ಅವನು ತಾನಾಗಿ ಯೋಚಿಸಿದ್ದು ಅದೇ ಮೊದಲು. ಆಮೇಲೆ ಮುಖ ಅರಳಿತು. ಬಲಗಾಲು ಒಳಗಿಟ್ಟ, ಎಡಗಾಲು ಹೊರಗೇ ಬಿಟ್ಟ.

"ಸರಿಹೋಯ್ತು ಕಣವ್ವಾ! ಒಂದು ಒಳಗೆ, ಒಂದು ಹೊರಗೆ!"

ರತ್ನಮಾಲ, ಏನು ಹೇಳಿದರೆ ಏನು ಮಾಡಿಯಾನೋ ಅಂತ ಕುಂಕುಮದ ಬಟ್ಟಲು ಹಿಡಿದು ಯೋಚಿಸುತ್ತಾ ಕೂತಳು. ನಾನು ಆ ಬೀದಿ ದಾಟಿ ಬರುವಾಗ ಅವಳು ಇನ್ನೂ ಯೋಚಿಸುತ್ತಿದ್ದಳು, ಅವನು ಇನ್ನೂ ಹಾಗೇ ನಿಂತಿದ್ದ, ಬಂದ ನೆಂಟರೆಲ್ಲ ಅವನ ಕಾಲ ಸಂದಿಯಲ್ಲಿ ನುಸುಳಿ ಊಟಕ್ಕೆ ಹೋಗುತ್ತಿದ್ದರು.